ಒಕ್ಟೇವಿಯ ಹಿಲ್ ಅಮ್ಮನವರ ಜೀವಚರಿತ್ರೆ

ಮನೆಯ ಒಡೆಯನಿಗೂ ಬಾಡಿಗೆಗೆ ಇರುವವನಿಗೂ ನಡೆಯುವ ಜಗಳವು ಯಾವ ದೇಶದಲ್ಲಿಯೂ ಹೊಸದಲ್ಲ. ಇವರು ಬಾಡಿಗೆ ಕೊಡುವದಿಲ್ಲ, ಕೊಟ್ಟ ಮನೆಯನ್ನೂ ಕೆಡಿಸುತ್ತಾರೆಂದು ಒಡೆಯನು ದೂರುತ್ತಾನೆ. ಮಾಡು ಸೋರುತ್ತದೆ, ಗೋಡೆ ಕುಸಿಯುತ್ತದೆ, ಕೇಳುವವರಿಲ್ಲವೆಂದು ಬಾಡಿಗೆಯವನು ದೂರುತ್ತಾನೆ. ನಾವು ಹಿಂದೆ ಇದ್ದ ಒಂದು ಊರಿನಲ್ಲಿ ಇಂಥದೊಂದು ಸಾಲುಮನೆ ಇತ್ತು. ಹಂಚು ಹಾಕಿಸುವ ತನಕ ಬಾಡಿಗೆ ಇಲ್ಲವೆಂದು ಒಳಗಿದ್ದವರು ಕೂತರು. ಬಾಡಿಗೆ ಬರುವ ತನಕ ಹಂಚು ಇಲ್ಲವೆಂದು ಒಡೆಯರು ಕೂತರು. ಹೀಗೆ ಎರಡು ಮಳೆಗಾಲಗಳು ಕಳೆದವು, ನೆನೆದವರು ಮಕ್ಕಳು. ಆ ಕಾಲದಲ್ಲಿ ಎರಡು ಕಡೆಯವರಿಗೂ ಹೇಳತಕ್ಕ ಮಾತು ನಮಗೆ ತೋಚಲಿಲ್ಲ. ಆಮೇಲೆ ಇಂಗ್ಲೆಂಡಿನ ಒಬ್ಬ ಸ್ತ್ರೀಯ ಚರಿತ್ರೆಯನ್ನು ಓದಿದೆವು. ಆಕೆಯು ಇಂಥ ಜಗಳದ ನಡುವೆಯೇ ಸುಮಾರು 47 ವರ್ಷ ಕೆಲಸಮಾಡಿ ತೀರಿಕೊಂಡವರು. ಅವರ ಹೆಸರು ಒಕ್ಟೇವಿಯ ಹಿಲ್.

ಇವರು 1838ನೇ ಇಸವಿಯ ದಶಂಬರ 3ನೇ ತಾರೀಕಿನಲ್ಲಿ ಇಂಗ್ಲೆಂಡಿನ ಪೂರ್ವ ಭಾಗದ ವಿಸ್ಬೀಚ್ ಎಂಬ ಊರಿನಲ್ಲಿ ಹುಟ್ಟಿದರು. ಒಕ್ಟೇವಿಯ ಅಂದರೆ ಎಂಟನೆಯವಳು. ತಂದೆಯಾದ ಜೇಮ್ಸ್ ಹಿಲ್ ಎಂಬವರಿಗೆ ಆಕೆಯು ಎಂಟನೆಯ ಮಗಳು. ತಂದೆಗೆ ಧಾನ್ಯದ ವ್ಯಾಪಾರವೂ ಬ್ಯಾಂಕಿನ ವ್ಯವಹಾರವೂ ಇದ್ದವು. ಆದರೆ 1840ರಲ್ಲಿ ಅವರು ದಿವಾಳಿಯಾದರು. ಬಳಿಕ ಮನಸ್ಸೂ ಕುಗ್ಗಿ, ಕುಟುಂಬವನ್ನು ಸಾಕುವ ಶಕ್ತಿಯೇ ಅವರಿಗೆ ಇಲ್ಲದೆ ಹೋಯಿತು. ಹೆಣ್ಣು ಮಕ್ಕಳ ಭಾರವೆಲ್ಲಾ ತಾಯಿಯಾದ ಕ್ಯಾರೊಲೈನ್ ಎಂಬವರ ಮೇಲೆ ಬಿತ್ತು. ಅವರು ಮಕ್ಕಳ ಶಿಕ್ಷಣದ ವಿಷಯದಲ್ಲಿ ಬಹಳ ಯೋಚಿಸಿದವರಾಗಿದ್ದು, ತಮ್ಮ ಮಕ್ಕಳಿಗೆ ತಾವೇ ಕಲಿಸಿದರು.

ತಾಯಿಯ ತಂದೆಯು ಡಾಕ್ಟರ್ ಸೌತ್‌ವುಡ್ ಸ್ಮಿತ್ ಎಂಬವರು. ಲಂಡನಿನ ಜ್ವರದ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಇವರ ವಿಷಯವಾಗಿ ಎರಡು ಮಾತು ಹೇಳಲೇಬೇಕು, ಯಾಕಂದರೆ ಮೊಮ್ಮಗಳ ಕೆಲಸದ ಬೇರು ಇಲ್ಲಿದೆ. ಜ್ವರವು ಬಡವರ ಕೇರಿಗಳಲ್ಲಿಯೇ ಯಾಕೆ ಹೆಚ್ಚಾಗಿ ಹುಟ್ಟುತ್ತದೆಂದು ಇವರು ಕೇರಿ ಕೇರಿಗೆ ಹೋಗಿ ನೋಡಿ, ಮೊಮ್ಮಗಳು ಹುಟ್ಟಿದ 1838ನೇ ವರ್ಷದಲ್ಲಿಯೇ ಸರಕಾರದ ಅಧಿಕಾರಿಗಳಿಗೆ ವರದಿ ಕೊಟ್ಟರು. ಹೊಲಸು ಮೋರಿ, ನಿಂತ ನೀರು, ಗಾಳಿಯಿಲ್ಲದ ಕೋಣೆ, ಒಂದೇ ಕೋಣೆಯಲ್ಲಿ ತುಂಬಿದ ಜನ, ಇವೇ ರೋಗಕ್ಕೆ ಕಾರಣವೆಂದು ಅವರು ತೋರಿಸಿದರು. ರೋಗಾಣುಗಳ ಸಂಗತಿ ಆ ಕಾಲದ ವೈದ್ಯರಿಗೆ ತಿಳಿದಿರಲಿಲ್ಲ; ಕೆಟ್ಟ ಗಾಳಿಯೇ ರೋಗವೆಂದು ಅವರು ಎಣಿಸಿದ್ದು ತಪ್ಪು. ಆದರೂ ಅವರು ಹೇಳಿದ ಪರಿಹಾರವು ಬಹುಮಟ್ಟಿಗೆ ಸರಿಯಾಗಿತ್ತು. 1848ರಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯದ ಕಾನೂನಿಗೆ ದುಡಿದವರಲ್ಲಿ ಅವರೂ ಒಬ್ಬರು. ಅಳಿಯನು ದಿವಾಳಿಯಾದ ಬಳಿಕ ಮಗಳ ಕುಟುಂಬಕ್ಕೆ ಆಸರೆಯಾದವರೂ ಅವರೇ.

ಒಕ್ಟೇವಿಯಳಿಗೆ ಹದಿಮೂರು ಹದಿನಾಲ್ಕು ವರ್ಷವಾದಾಗ ತಾಯಿಗೆ ಲಂಡನಿನಲ್ಲಿ ಒಂದು ಕೆಲಸ ಸಿಕ್ಕಿತು. ಬಡ ಸ್ತ್ರೀಯರಿಗೆ ಕೈಕೆಲಸ ಕೊಟ್ಟು ಜೀವನಕ್ಕೆ ದಾರಿ ಮಾಡುವ ಒಂದು ಸಹಕಾರ ಸಂಘವನ್ನು ನಡಿಸುವ ಕೆಲಸವದು. ಅಲ್ಲಿ ಗೊಂಬೆಮನೆಗಳಿಗೆ ಬೇಕಾದ ಸಣ್ಣ ಮೇಜು ಕುರ್ಚಿಗಳನ್ನು ಮಾಡುವ ಬಡ ಮಕ್ಕಳ ಗುಂಪನ್ನು ಒಕ್ಟೇವಿಯಳ ವಶಕ್ಕೆ ಕೊಟ್ಟರು. ಆ ಮಕ್ಕಳಲ್ಲಿ ಕೆಲವರು ಹೆಚ್ಚು ಕಡಿಮೆ ಆಕೆಯ ವಯಸ್ಸಿನವರೇ. ಕೆಲಸ ಹಂಚುವದೂ ಕೂಲಿ ಲೆಕ್ಕ ಹಾಕುವದೂ ಆಕೆಯದೇ. ಯಾವನಾದರೂ ಬಾರದಿದ್ದರೆ ಅವನ ಮನೆಯನ್ನು ಹುಡುಕಿಕೊಂಡು ಹೋಗುವಳು. ಹೀಗೆ ಹುಡುಕಿ ಹೋದ ಕಾಲಿಗೆ ಲಂಡನಿನ ಬಡವರ ಓಣಿಗಳು ಪರಿಚಯವಾದವು. ಅಜ್ಜನು ವರದಿಗಳಲ್ಲಿ ಬರೆದ ಮನೆಗಳನ್ನು ಮೊಮ್ಮಗಳು ಕಣ್ಣಾರೆ ಕಂಡಳು.

ಆ ದಿನಗಳಲ್ಲಿಯೇ ಫ್ರೆಡ್ರಿಕ್ ಮೋರಿಸ್ ಎಂಬ ಬೋಧಕರ ಪ್ರಸಂಗಗಳನ್ನು ಕೇಳುವ ಸಂದರ್ಭ ಆಕೆಗೆ ದೊರಕಿತು. ವಿಶ್ವಾಸಿಯು ತನ್ನ ಆತ್ಮದ ಚಿಂತೆ ಮಾತ್ರ ಮಾಡದೆ ಕೂಲಿಗಾರನ ಹೊಟ್ಟೆಬಟ್ಟೆಯ ಚಿಂತೆಯನ್ನೂ ಮಾಡಬೇಕೆಂದು ಕಲಿಸಿದ ಪಂಡಿತರವರು. ಬೇರೆ ಪಂಗಡದ ಮನೆಯಲ್ಲಿ ಬೆಳೆದ ಒಕ್ಟೇವಿಯ ಇವರ ಉಪದೇಶದಿಂದಲೇ ಇಂಗ್ಲೆಂಡಿನ ಸಭೆಗೆ ಸೇರಿದಳು. 1856ರಲ್ಲಿ, ಇನ್ನೂ ಹದಿನೇಳನೆಯ ವಯಸ್ಸಿನಲ್ಲಿ, ಮೋರಿಸರ ಕಾರ್ಮಿಕರ ವಿದ್ಯಾಲಯದಲ್ಲಿ ಸ್ತ್ರೀಯರ ತರಗತಿಗಳ ಕಾರ್ಯದರ್ಶಿಯಾದಳು. ಚಿತ್ರಕಲೆಯಲ್ಲಿಯೂ ಅಭ್ಯಾಸವಿತ್ತು. ಜಾನ್ ರಸ್ಕಿನ್ ಎಂಬ ಪ್ರಸಿದ್ಧ ಪಂಡಿತರ ಗ್ರಂಥಗಳಿಗೋಸ್ಕರ ಹಳೆಯ ಚಿತ್ರಗಳನ್ನು ನೋಡಿ ಬರೆದುಕೊಡುವ ಕೆಲಸವನ್ನು ಅನೇಕ ವರ್ಷ ಮಾಡಿದಳು. ನಮ್ಮ ದೇಶದ ಗಾಂಧಿಯವರು 1904ರಲ್ಲಿ ದಕ್ಷಿಣ ಆಫ್ರಿಕದ ರೈಲುಗಾಡಿಯಲ್ಲಿ ಓದಿ, ಬಳಿಕ ಸರ್ವೋದಯ ಎಂಬ ಹೆಸರಿನಿಂದ ಗುಜರಾತಿಗೆ ತಿರುಗಿಸಿದ ಪುಸ್ತಕವು ಈ ರಸ್ಕಿನರದೇ.

1862ರಲ್ಲಿ ಅಕ್ಕತಂಗಿಯರು ಕೂಡಿ ಲಂಡನಿನ ಮೇರಿಲೆಬೋನ್ ಎಂಬ ಭಾಗದಲ್ಲಿ ಒಂದು ಶಾಲೆಯನ್ನು ತೆರೆದರು. ಇನ್ನು ಮೇಲೆ ನಾವೂ ಅವರನ್ನು ಹಿಲ್ ಅಮ್ಮನವರೆಂದೇ ಕರೆಯುವೆವು. ನೆರೆಯ ಬಡ ತಾಯಂದಿರನ್ನು ವಾರಕ್ಕೊಮ್ಮೆ ಮನೆಗೆ ಕರೆದು ಹೊಲಿಗೆ ಕಲಿಸುವದು ಅವರ ರೂಢಿ. ಒಂದು ಸಂಜೆ ಅಲ್ಲಿಗೆ ಬಂದ ಒಬ್ಬ ಹೆಂಗಸು ಮೂರ್ಛೆಹೋದಳು. ಅವಳನ್ನು ಮನೆಗೆ ಮುಟ್ಟಿಸಹೋದ ಅಮ್ಮನವರು ಆ ಬಿಡಾರದ ತೇವವನ್ನೂ ಕತ್ತಲೆಯನ್ನೂ ಕಂಡು, ಅವಳಿಗೆ ಬೇರೆ ಮನೆ ನೋಡುವೆನೆಂದು ಹೊರಟರು. ಮನೆ ಸಿಗಲಿಲ್ಲ. ಒಳ್ಳೇ ಮನೆಗಳ ಒಡೆಯರು ಮಕ್ಕಳೊಂದಿಗರಾದ ಬಡವರನ್ನು ಒಳಗೆ ಬಿಡುವದಿಲ್ಲ. ಬಿಡುವ ಮನೆಗಳು ಹಿಂದಿನದಕ್ಕಿಂತ ಮೇಲಲ್ಲ. ಬಾಡಿಗೆ ಕೊಡಲು ಸಿದ್ಧಳಾದ ಒಬ್ಬ ತಾಯಿಗೆ ಆ ಮಹಾಪಟ್ಟಣದಲ್ಲಿ ಒಣಗಿದ ನೆಲದ ಒಂದು ಕೋಣೆ ಇಲ್ಲವಲ್ಲಾ ಎಂಬ ದುಃಖವು ಅವರನ್ನು ಬಿಡಲಿಲ್ಲ.

ನಮ್ಮ ಹಳ್ಳಿಯ ವಾಚಕರಿಗೆ ಆ ಕಾಲದ ಲಂಡನಿನ ಬಾಡಿಗೆಯ ಕ್ರಮವನ್ನು ಸ್ವಲ್ಪ ತಿಳಿಸಬೇಕು. ನಮ್ಮ ಹಿರಿಯರಲ್ಲಿ ಅನೇಕರು ಧಣಿಯ ಭೂಮಿಯನ್ನು ಗೇಣಿಗೆ ಮಾಡಿ ಅಲ್ಲಿಯೇ ಗುಡಿಸಲು ಕಟ್ಟಿಕೊಂಡಿದ್ದರು; ಗುಡಿಸಲು ಸೋರಿದರೆ ಮುಳಿಹುಲ್ಲು ತಂದು ತಾವೇ ಹೊದಿಸುವರು. ಲಂಡನಿನ ಕೂಲಿಗಾರನಿಗೆ ಆ ಸ್ವಾತಂತ್ರ್ಯವೂ ಇರಲಿಲ್ಲ. ಅವನದು ಮನೆಯಲ್ಲ, ಮನೆಯ ಒಂದು ಕೋಣೆ. ಆರು ಕೋಣೆಗಳ ಮನೆಯಲ್ಲಿ ಆರು ಸಂಸಾರಗಳು. ಬಾಡಿಗೆಯನ್ನು ವಾರವಾರ ಕೊಡಬೇಕು. ಭೂಮಿಯ ಯಜಮಾನನು ದೊಡ್ಡ ಮನುಷ್ಯನಾಗಿ ಎಲ್ಲಿಯೋ ಇರುವನು. ಅವನಿಂದ ಒಬ್ಬನು ಬಹುವರ್ಷದ ಗುತ್ತಿಗೆ ಹಿಡಿದು, ಅವನಿಂದ ಮತ್ತೊಬ್ಬನು ಒಳಬಾಡಿಗೆಗೆ ಪಡೆದು, ಕಡೆಯವನು ಕೋಣೆ ಕೋಣೆಯಾಗಿ ಬಡವರಿಗೆ ಕೊಡುವನು. ನಡುವೆ ಇರುವ ಪ್ರತಿಯೊಬ್ಬನಿಗೂ ಲಾಭ ಬೇಕು, ದುರಸ್ತಿ ಯಾರಿಗೂ ಬೇಡ. ಗುತ್ತಿಗೆ ಮುಗಿಯುತ್ತಾ ಬಂದ ಮನೆಗೆ ಒಂದು ಕಾಸನ್ನಾದರೂ ಹಾಕುವವನು ಯಾರು? ವಾರದ ಬಾಡಿಗೆಯವನನ್ನು ಒಂದು ವಾರದ ನೋಟೀಸಿನಿಂದ ಹೊರಗೆ ಹಾಕಬಹುದಾಗಿತ್ತು. ಆದದ್ದರಿಂದ ಮೋರಿ ಕಟ್ಟಿದೆಯೆಂದು ದೂರು ಕೊಡಹೋದವನು ಮೋರಿಯನ್ನೂ ಕಳಕೊಂಡು ಕೋಣೆಯನ್ನೂ ಕಳಕೊಳ್ಳುವ ಭಯವಿತ್ತು. ದೂರು ಕೇಳಬೇಕಾದ ಪೇಟೆಯ ಪಂಚಾಯತಿಯವರಲ್ಲಿಯೂ ಅಂಥ ಮನೆಗಳ ಒಡೆಯರು ಇದ್ದರು. ಬಡವನ ಕೈಯಲ್ಲಿದ್ದ ಆಯುಧ ಒಂದೇ, ಬಾಡಿಗೆ ಕೊಡದೆ ಒಂದೆರಡು ವಾರ ಸಾಗಿಸಿ ರಾತ್ರಿಯಲ್ಲಿ ಗಂಟುಮೂಟೆ ಕಟ್ಟಿ ಓಡಿಹೋಗುವದು. ಹೀಗೆ ಓಡಿದವನ ಬಾಕಿಯನ್ನು ಒಡೆಯನು ಉಳಿದವರ ಬಾಡಿಗೆಗೆ ಸೇರಿಸುವನು.

ಹಿಲ್ ಅಮ್ಮನವರು ಕಂಡ ಒಬ್ಬ ಒಡೆಯನ ಸಂಗತಿಯನ್ನು ಹೇಳಿದರೆ ಸಾಕು. ಅವನು ಬಾಡಿಗೆಯ ಮನೆಗಳನ್ನು ಇಟ್ಟುಕೊಂಡಿದ್ದಲ್ಲದೆ ಶವಪೆಟ್ಟಿಗೆಗಳನ್ನು ಒದಗಿಸಿ ಸತ್ತವರನ್ನು ಹೂಣಿಡಿಸುವ ಕಸುಬನ್ನೂ ಮಾಡುತ್ತಿದ್ದನು. ಬಾಡಿಗೆಯ ಬಾಕಿ ಬಹಳ ನಿಲ್ಲುವದಲ್ಲವೇ ಎಂದು ಅಮ್ಮನವರು ವಿಚಾರಿಸಿದಾಗ, ಬಾಕಿ ನಿಲ್ಲುವದು ನಿಜವೇ, ಆದರೆ ತಾನು ಎದುರುನೋಡುವದು ಬಾಡಿಗೆಯನ್ನಲ್ಲ, ಆ ಮನೆಗಳಲ್ಲಿ ಆಗುವ ಸಾವುಗಳನ್ನು ಎಂದು ಅವನು ಸಂಕೋಚವಿಲ್ಲದೆ ತಿಳಿಸಿದನಂತೆ. ಇದನ್ನು ಅಮ್ಮನವರೇ ಬರೆದಿಟ್ಟಿರುವದರಿಂದ ನಾವು ನಂಬಬೇಕಾಗಿದೆ.

1864ರಲ್ಲಿ ರಸ್ಕಿನ್ ಪಂಡಿತರ ತಂದೆ ತೀರಿಹೋಗಿ ದೊಡ್ಡ ಆಸ್ತಿಯು ಮಗನ ಕೈಗೆ ಬಂತು. ಆ ಹಣದಿಂದ ಯಾವ ಒಳ್ಳೇದನ್ನು ಮಾಡಬಹುದೆಂದು ಅವರು ಯೋಚಿಸುತ್ತಿರಲು, ಹಿಲ್ ಅಮ್ಮನವರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ತಾನೇ ಮನೆಗಳ ಒಡತಿಯಾಗಬೇಕು, ಬಡವರಿಗೆ ಧರ್ಮವಾಗಿ ಅಲ್ಲ, ಸರಿಯಾದ ಬಾಡಿಗೆಗೆ ಸರಿಯಾದ ಮನೆಯನ್ನು ಕೊಡಬೇಕು ಎಂಬದೇ ಅವರ ಆಶೆ. ರಸ್ಕಿನರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಹಾಕಿದ ಮೂಲಧನಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಲಾಭ ಬರಬೇಕು. ತಮಗೆ ಹಣದ ಆಶೆಯಿದ್ದು ಹಾಗೆ ಕೇಳಿದ್ದಲ್ಲ. ಈ ಕೆಲಸವು ತನ್ನ ಖರ್ಚನ್ನು ತಾನೇ ಹೊತ್ತರೆ ಬೇರೆ ಹಣವಂತರೂ ಅದಕ್ಕೆ ಕೈಹಾಕುವರು, ದಾನದಿಂದ ನಡೆದರೆ ಅದು ಒಬ್ಬ ದಾನಿಯ ಸಂಗಡ ನಿಂತುಹೋಗುವದು ಎಂಬದು ಅವರ ಅಭಿಪ್ರಾಯ. 1865ರಲ್ಲಿ ಮೇರಿಲೆಬೋನಿನ ಒಂದು ಓಣಿಯಲ್ಲಿ ಮೂರು ಮನೆಗಳ ಗುತ್ತಿಗೆಯ ಹಕ್ಕನ್ನು 750 ಪೌಂಡಿಗೆ ಕೊಂಡು ಅಮ್ಮನವರ ಕೈಗೆ ಒಪ್ಪಿಸಿದರು. ಓಣಿಯ ಹೆಸರು ಪ್ಯಾರಡೈಸ್ ಪ್ಲೇಸ್, ಅಂದರೆ ಪರದೈಸಿನ ಸ್ಥಳ. ಆ ಹೆಸರನ್ನು ಇಟ್ಟವನು ಯಾವನೋ ನಾವು ಅರಿಯೆವು.

ಅಮ್ಮನವರ ವಶಕ್ಕೆ ಮೊದಲ ವರ್ಷಗಳಲ್ಲಿ ಬಂದ ಮನೆಗಳ ಸ್ಥಿತಿ ಹೀಗಿತ್ತು. ಗೋಡೆಯ ಗಾರೆ ಉದುರುತ್ತಿತ್ತು. ಮಾಡಿನಿಂದ ಬೀಳುವ ಮಳೆನೀರನ್ನು ಹಿಡಿಯಲು ಮೆಟ್ಟಿಲ ಮೇಲೆ ಬಕೀಟು ಇಟ್ಟಿದ್ದರು. ಮೆಟ್ಟಿಲುಗಳಿಗೆ ಬೆಳಕೇ ಇಲ್ಲ. ಹಿಡಿದುಕೊಳ್ಳುವ ಕಟಾಂಜನವನ್ನು ಒಳಗಿದ್ದವರೇ ಕಿತ್ತು ಚಳಿಗೆ ಸುಟ್ಟಿದ್ದರು. ಬಟ್ಟೆ ಒಗೆಯುವದಕ್ಕೆಂದು ಕಟ್ಟಿದ ಕೋಣೆಯಲ್ಲಿ ಹಿಂದಿನ ಒಡೆಯನು ತನ್ನ ಹರಕುಮುರುಕು ಸಾಮಾನು ತುಂಬಿ ಬೀಗ ಹಾಕಿದ್ದರಿಂದ, ಸಂಸಾರದವರು ಮಲಗುವ ಕೋಣೆಯಲ್ಲಿಯೇ ಅಡಿಗೆಮಾಡಿ ಅಲ್ಲಿಯೇ ಬಟ್ಟೆ ಒಗೆಯಬೇಕಾಗಿತ್ತು. ಹಿತ್ತಿಲ ಕಲ್ಲುಹಾಸು ಒಡೆದು ಹೊಂಡಗಳಲ್ಲಿ ನೀರು ನಿಂತು ತೇವವು ಗೋಡೆಗೆ ಏರುತ್ತಿತ್ತು. ಎಲ್ಲರಿಗೂ ಕೂಡಿ ಒಂದು ನೀರಿನ ಪೀಪಾಯಿ, ಅದೂ ಸೋರುವದು. ನೀರು ಬಿಟ್ಟ ಸಮಯದಲ್ಲಿ ಪಾತ್ರೆ ತುಂಬಿಸಿಕೊಳ್ಳದವನಿಗೆ ಆ ದಿನ ನೀರಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಟಾಂಜನವನ್ನು ಸುಟ್ಟವರು ಬಾಡಿಗೆಯವರು, ಒಗೆಯುವ ಕೋಣೆಗೆ ಬೀಗ ಹಾಕಿದವನು ಒಡೆಯನು. ಯಾರ ತಪ್ಪು ಮೊದಲು, ಯಾರದು ಆಮೇಲೆ ಎಂದು ವಿಚಾರಿಸುತ್ತಾ ಕೂತರೆ ಆ ವಿಚಾರಣೆಗೆ ಕೊನೆಯೇ ಇಲ್ಲ. ಒಡೆಯನಾದವನೇ ತನ್ನ ಪಾಲಿನ ಕರ್ತವ್ಯವನ್ನು ಮೊದಲು ಮಾಡಬೇಕೆಂದು ಅಮ್ಮನವರು ನಿರ್ಣಯಿಸಿದರು. ಮೋರಿ, ನೀರು, ಮಾಡು ಇವು ಪ್ರಾಣಕ್ಕೆ ಸಂಬಂಧಪಟ್ಟವುಗಳಾದ್ದರಿಂದ ಯಾರ ನಡತೆಯನ್ನೂ ಕಾಯದೆ ಅವುಗಳನ್ನು ಸರಿಪಡಿಸಿದರು. ಬಣ್ಣ, ಹೊಸ ಗಾಜು, ಕಪಾಟು ಮುಂತಾದವುಗಳನ್ನು ಹಾಗೆ ಮಾಡಲಿಲ್ಲ. ಒಂದೊಂದು ಮನೆಯ ದುರಸ್ತಿಗೆ ವರ್ಷಕ್ಕೆ ಇಷ್ಟು ಹಣವೆಂದು ಗೊತ್ತುಮಾಡಿ, ಒಡೆದು ಹಾಳುಮಾಡಿದ್ದನ್ನು ಸರಿಪಡಿಸಲು ಅದರಿಂದಲೇ ತೆಗೆದು, ವರ್ಷದ ಕಡೆಗೆ ಉಳಿದ ಹಣದಿಂದ ಏನು ಬೇಕೆಂಬದನ್ನು ಒಳಗಿದ್ದವರೇ ಹೇಳುವಂತೆ ಬಿಟ್ಟರು. ಹೀಗಾಗಲು, ಹುಡುಗನು ಕಲ್ಲೆಸೆದು ಗಾಜು ಒಡೆದರೆ ಅದು ಒಡೆಯನ ನಷ್ಟವೆಂದು ನಗುತ್ತಿದ್ದ ನೆರೆಯವರು ಅವನ ಕಿವಿ ಹಿಡಿಯಲು ತೊಡಗಿದರು.

ಬಾಡಿಗೆಯ ವಿಷಯದಲ್ಲಿ ಮಾತ್ರ ಅವರು ಕಲ್ಲಿನಂತೆ ಗಟ್ಟಿ. ವಾರವಾರವೂ ತಾವೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ವಸೂಲಿಮಾಡುವರು. ಮೊದಮೊದಲು ಬಾಗಿಲು ಪೂರಾ ತೆರೆಯುತ್ತಿರಲಿಲ್ಲ, ತೆರೆದರೂ ಮುಖ ಸಿಂಡರಿಸಿಕೊಂಡು ಹಣ ನೀಡುವರು. ಕೊಡದವರಿಗೆ ನೋಟೀಸು ಹೋಗುವದು. ಇಬ್ಬರಿಗೂ ಲೆಕ್ಕವು ಒಂದೇ ಎಂದು ಅವರ ಮನಸ್ಸು: ನಾನು ದುರಸ್ತಿಯನ್ನು ತಪ್ಪಿಸಲಾರೆನು, ನೀವು ಬಾಡಿಗೆಯನ್ನು ತಪ್ಪಿಸಬೇಡಿರಿ. ಆದರೆ ವಸೂಲಿಗೆ ಹೋದ ಹೊತ್ತಿನಲ್ಲಿಯೇ ಯಾರ ಗಂಡನಿಗೆ ಕೆಲಸ ತಪ್ಪಿದೆ, ಯಾವ ಮಗುವಿಗೆ ಕೆಮ್ಮು, ಯಾವ ಬೆಂಕಿಗೂಡು ಹೊಗೆ ಕಾರುತ್ತದೆ ಎಂಬದನ್ನು ಕಂಡು ಬರುವರು. ತುರ್ತಲ್ಲದ ದುರಸ್ತಿಯ ಕೆಲಸಗಳನ್ನು ಕೂಡಿಸಿಟ್ಟು, ಕೂಲಿ ಸಿಗದ ದಿನಗಳಲ್ಲಿ ಆ ಮನೆಗಳ ಗಂಡಸರಿಗೇ ಕೊಡುವರು. ದೊಡ್ಡ ಹುಡುಗಿಯರಿಗೆ ಕೂಲಿ ಕೊಟ್ಟು ಮೆಟ್ಟಿಲು ತೊಳಿಸುವರು. ಹೀಗೆ ಬಾಡಿಗೆಗೆ ಬೇಕಾದ ಹಣವು ಭಿಕ್ಷೆಯಾಗಿ ಅಲ್ಲ, ದುಡಿಮೆಯಾಗಿ ಅವರ ಕೈ ಸೇರುತ್ತಿತ್ತು. ಒಂದು ಕೋಣೆಯಲ್ಲಿ ಕಿಕ್ಕಿರಿದ ಸಂಸಾರವು ಎರಡು ಕೋಣೆಗಳನ್ನು ಹಿಡಿಯಲೆಂದು ಎರಡನೆಯದಕ್ಕೆ ಬಾಡಿಗೆಯನ್ನು ತಗ್ಗಿಸಿದರು. ಕೋಣೆಯನ್ನು ಮತ್ತೊಬ್ಬನಿಗೆ ಒಳಬಾಡಿಗೆಗೆ ಕೊಡುವದನ್ನು ಒಪ್ಪಲಿಲ್ಲ. ಇಷ್ಟಾದರೂ ರಸ್ಕಿನರಿಗೆ ನೂರಕ್ಕೆ ಐದು ತಪ್ಪದೆ ಸಂದಿತು.

ಬಾಡಿಗೆ ಕೊಡಲೊಲ್ಲದವರನ್ನೂ ದುರ್ನಡತೆಯನ್ನು ಬಿಡದವರನ್ನೂ ಅವರು ಹೊರಗೆ ಹಾಕಿದ್ದುಂಟು. ಇದನ್ನು ನಾವು ಮರೆಮಾಚಲಾರೆವು. ಹೊರಗೆ ಹಾಕಿದ ಸಂಸಾರವು ಇನ್ನೂ ಕೆಟ್ಟ ಓಣಿಗೆ ಹೋಗದೆ ಬೇರೆಲ್ಲಿಗೆ ಹೋದೀತು? ಒಳಗುಳಿದ ಐದು ಸಂಸಾರಗಳ ಸಮಾಧಾನಕ್ಕಾಗಿ ಆರನೆಯದನ್ನು ಬೀದಿಗೆ ನೂಕುವದು ನ್ಯಾಯವೋ ಎಂದು ಆ ಕಾಲದಲ್ಲಿಯೂ ಕೇಳಿದವರಿದ್ದರು. ಬಾಕಿಯನ್ನು ಬೆಳೆಯಬಿಡುವದೇ ದೊಡ್ಡ ಕ್ರೂರತನ, ಯಾಕಂದರೆ ಬಾಕಿ ಬೆಳೆದ ಮೇಲೆ ತೀರಿಸುವ ಆಶೆಯೇ ಬಡವನಿಗೆ ಸಾಯುತ್ತದೆ ಎಂಬದು ಅಮ್ಮನವರ ಉತ್ತರವಾಗಿತ್ತು. ಅವರ ಉತ್ತರದಲ್ಲಿ ಸತ್ಯವುಂಟು. ಆದರೂ ಆ ಆರನೆಯ ಸಂಸಾರವು ನಮ್ಮ ಮನಸ್ಸಿನಿಂದ ಹೋಗುವದಿಲ್ಲ.

ಮರುವರ್ಷ, ಅಂದರೆ 1866ರಲ್ಲಿ, ರಸ್ಕಿನರು ಫ್ರೆಶ್‌ವಾಟರ್ ಪ್ಲೇಸ್ ಎಂಬಲ್ಲಿ ಇನ್ನೂ ಐದು ಮನೆಗಳನ್ನು ಭೂಮಿಸಹಿತ ಕೊಂಡರು. ಮನೆಗಳ ಮುಂದೆ ಹಾಳು ಕೊಟ್ಟಿಗೆಗಳೂ ಗೊಬ್ಬರದ ತಿಪ್ಪೆಗಳೂ ಇದ್ದವು. ಅವನ್ನು ತೆಗೆದು ನೆಲ ಸಮಮಾಡಿ ಮರ ನೆಟ್ಟು ಮಕ್ಕಳ ಆಟದ ಬೈಲನ್ನು ಮಾಡಿಸಿದರು. ಆಡಲು ಬಂದ ಹೆಣ್ಣು ಮಕ್ಕಳಿಗೆ ಸಾಲಾಗಿ ನಿಂತು ಆಡುವದೇ ತಿಳಿದಿರಲಿಲ್ಲ; ಸ್ತ್ರೀಯರು ಸಂಗಡ ನಿಂತು ಕಲಿಸಬೇಕಾಯಿತು. ಆ ಮೇಲೆ ವರ್ಷವರ್ಷವೂ ಮೇ ತಿಂಗಳಲ್ಲಿ ಅಲ್ಲಿ ಹೂವಿನ ಹಬ್ಬ ನಡೆಯುತ್ತಿತ್ತು.

ಈ ಕೆಲಸದ ಸುದ್ದಿ ಹಬ್ಬಲು, ಬೇರೆ ಹಣವಂತರೂ ಮನೆಗಳನ್ನು ಕೊಂಡು ಅಮ್ಮನವರ ಕೈಗೆ ಕೊಡತೊಡಗಿದರು. 1874ರಷ್ಟಕ್ಕೆ ಅವರ ಆಡಳಿತದಲ್ಲಿ ಹದಿನೈದು ಕಡೆಗಳಲ್ಲಿ ಮನೆಗಳೂ ಸುಮಾರು 3,000 ಮಂದಿಯೂ ಇದ್ದರು. ಒಬ್ಬರೇ ಎಲ್ಲಾ ಬಾಗಿಲುಗಳನ್ನು ತಟ್ಟಲಾಗುವದಿಲ್ಲ. ಆದದ್ದರಿಂದ ಸ್ತ್ರೀಯರನ್ನು ಆರಿಸಿ ಈ ಕೆಲಸಕ್ಕೆ ತರಬೇತು ಮಾಡಿದರು. ಚರಂಡಿ ಎಲ್ಲಿ ಕಟ್ಟುತ್ತದೆ, ಗಾರೆ ಕೆಲಸಕ್ಕೆ ಎಷ್ಟು ಬೀಳುತ್ತದೆ, ನೋಟೀಸನ್ನು ಹೇಗೆ ಬರೆಯಬೇಕು, ತೆರಿಗೆಯ ಲೆಕ್ಕವೇನು ಎಂಬದೆಲ್ಲಾ ಆ ಸ್ತ್ರೀಯರಿಗೆ ಗೊತ್ತಿರಬೇಕು. ಒಳ್ಳೇ ಮನಸ್ಸು ಮಾತ್ರ ಇದ್ದು ಲೆಕ್ಕ ತಿಳಿಯದವರನ್ನು ಅವರು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಎಮ್ಮ ಕಾನ್ಸ್, ಹೆನ್ರಿಯೆಟ್ಟ ಬಾರ್ನೆಟ್ ಮುಂತಾದವರು ಅವರ ಕೈಕೆಳಗೆ ದುಡಿದು ಮುಂದೆ ಹೆಸರು ಪಡೆದರು. ಅಮ್ಮನವರು ಬರೆದ ಲೇಖನಗಳು 1875ರಲ್ಲಿ ಲಂಡನಿನ ಬಡವರ ಮನೆಗಳು ಎಂಬ ಅರ್ಥದ ಹೆಸರಿನಿಂದ ಪುಸ್ತಕವಾಗಿ ಬಂದವು. ವಿಕ್ಟೋರಿಯ ರಾಣಿಯ ಮಗಳಾದ ಆಲಿಸ್ ಎಂಬಾಕೆಯು ಅದನ್ನು ಜರ್ಮನ್ ಭಾಷೆಗೆ ತರ್ಜುಮೆ ಮಾಡಿಸಿದಳು. ಅದೇ 1875ರಲ್ಲಿ ಹಾಳು ಕೇರಿಗಳನ್ನು ಕೆಡವಿ ಕಟ್ಟಲು ನಗರಗಳ ಅಧಿಕಾರಿಗಳಿಗೆ ಹಕ್ಕು ಕೊಡುವ ಕಾನೂನು ಹುಟ್ಟಿತು. ಅದಕ್ಕಾಗಿ ಯತ್ನಿಸಿದವರಲ್ಲಿ ಅಮ್ಮನವರೂ ಇದ್ದರು. 1884ರಲ್ಲಿ ಕೂಲಿಗಾರರ ಮನೆಗಳನ್ನು ಕುರಿತು ಸರಕಾರವು ವಿಚಾರಣಾ ಮಂಡಲಿಯನ್ನು ನೇಮಿಸಿದಾಗ ಇವರನ್ನು ಸದಸ್ಯರಾಗಿ ಸೇರಿಸುವ ಮಾತು ಬಂದು, ಸ್ತ್ರೀಯೆಂಬ ಕಾರಣದಿಂದ ನಿಂತಿತು. ಸಾಕ್ಷಿ ಹೇಳಲು ಮಾತ್ರ ಕರೆದರು, ಅವರು ಹೋಗಿ ಹೇಳಿದರು.

ದುಡಿಮೆಯು ಹೆಚ್ಚಿ 1877ರಲ್ಲಿ ದೇಹವೂ ಮನಸ್ಸೂ ಸೋತುಹೋದವು. ಅದೇ ಕಾಲದಲ್ಲಿ ರಸ್ಕಿನರೊಂದಿಗೆ ಮನಸ್ತಾಪವೂ ಬಂತು. ಅವರು ಲೋಕವ್ಯವಹಾರವನ್ನು ನಡಿಸಲು ತಕ್ಕವರಲ್ಲವೆಂದು ಅಮ್ಮನವರು ಯಾರಲ್ಲಿಯೋ ಆಡಿದ ಮಾತು ಅವರ ಕಿವಿಗೆ ಬಿದ್ದು, ಅವರು ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿಬಿಟ್ಟರು. ಅಮ್ಮನವರು ಅನೇಕ ತಿಂಗಳು ಹೊರದೇಶಗಳಲ್ಲಿ ವಿಶ್ರಾಂತಿ ಪಡೆದು ಬಂದು ತಿರಿಗಿ ಲೆಕ್ಕದ ಪುಸ್ತಕವನ್ನು ಹಿಡಿದರು.

ಈಗ ನಾವು ಹೇಳಬೇಕಾದದ್ದು ಸಭೆಯವರಾದ ನಮಗೆ ಸ್ವಲ್ಪ ಕಹಿಯಾದ ಸಂಗತಿ. ಲಂಡನಿನಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕಿರುವ ಸೌತ್‌ವಾರ್ಕ್ ಎಂಬ ಭಾಗದಲ್ಲಿ ಬಹಳ ಕೆಟ್ಟ ಕೇರಿಗಳಿದ್ದವು. ಅವುಗಳಲ್ಲಿ ಅನೇಕ ಮನೆಗಳ ಭೂಮಿಯು ಇಂಗ್ಲೆಂಡಿನ ಸಭೆಯ ಆಸ್ತಿಯನ್ನು ನೋಡುವ ಮಂಡಲಿಯವರದೇ. ಅವರು ಬಹುಕಾಲದ ಗುತ್ತಿಗೆಗೆ ಕೊಟ್ಟು ಕೈತೊಳಕೊಂಡಿದ್ದರು, ಒಳಬಾಡಿಗೆಯವರು ಸುಲಿಯುತ್ತಿದ್ದರು. ಬಡವನ ಸೋರುವ ಕೋಣೆಯಿಂದ ಹೊರಟ ಹಣವು ಕೈಯಿಂದ ಕೈಗೆ ದಾಟಿ ಬೋಧಕರ ಸಂಬಳದ ನಿಧಿಗೆ ಸೇರುತ್ತಿತ್ತು. ಇದು 1880ರ ನಂತರದ ವರ್ಷಗಳಲ್ಲಿ ಬಹಿರಂಗವಾಗಿ ಜನರು ಮಾತಾಡತೊಡಗಿದರು. ಗುತ್ತಿಗೆಗಳು ಮುಗಿದು ಮನೆಗಳು ನೇರವಾಗಿ ಮಂಡಲಿಯ ಕೈಗೆ ಬಂದಾಗ ಅವರು 1884ರಲ್ಲಿ ಹಿಲ್ ಅಮ್ಮನವರನ್ನು ಕರೆದು ಕೆಲವು ಮನೆಗಳ ಆಡಳಿತವನ್ನು ಒಪ್ಪಿಸಿದರು. ತಪ್ಪನ್ನು ಕಂಡ ಮೇಲಾದರೂ ಯೋಗ್ಯಳಾದ ಕೆಲಸಗಾರ್ತಿಯನ್ನು ಕರೆದದ್ದು ಅವರಿಗೆ ಮಾನವೇ.

ಡೆಪ್ಟ್‌ಫರ್ಡ್ ಎಂಬಲ್ಲಿಯೂ ಆ ವರ್ಷವೇ ಮನೆಗಳು ಅಮ್ಮನವರ ವಶಕ್ಕೆ ಬಂದವು. ಅಲ್ಲಿಯ ಬೀದಿಯು ಕುಡಿತ ಹೊಡೆದಾಟಗಳಿಗೆ ಹೆಸರಾಗಿದ್ದು, ಮೇರಿಲೆಬೋನಿನಲ್ಲಿ ಕೈಗೂಡಿದ್ದೆಲ್ಲಾ ಅಲ್ಲಿ ಬೇಗನೆ ಕೈಗೂಡಲಿಲ್ಲ. ಸೌತ್‌ವಾರ್ಕಿನಲ್ಲಿ ಮಾತ್ರ ಕೆಲಸವು ಬೇರೂರಿತು. ಅಲ್ಲಿ ಹಳೆಯ ಕಾಗದದ ಕಾರ್ಖಾನೆಯ ಹಾಳು ಸ್ಥಳವನ್ನು 1887ರಲ್ಲಿ ತೋಟವಾಗಿ ಮಾಡಿಸಲು ತೊಡಗಿದರು. ರೆಡ್ ಕ್ರಾಸ್ ತೋಟವೆಂದು ಅದರ ಹೆಸರು. ಸಣ್ಣ ಕೊಳ, ವಾದ್ಯದವರಿಗೆ ಕಟ್ಟೆ, ಮಕ್ಕಳಿಗೆ ಆಡುವ ಸ್ಥಳ, ಬದಿಯಲ್ಲಿ ಒಂದು ಸಭಾಮಂದಿರ, ಅದರ ಮಗ್ಗುಲಿಗೆ ಕೂಲಿಗಾರರಿಗೆ ಚಿಕ್ಕ ಚಿಕ್ಕ ಮನೆಗಳ ಸಾಲು. ಆ ತೋಟವೂ ಮನೆಗಳೂ ಇಂದಿಗೂ ಇವೆ. ಮುಂದೆ 1903ರಲ್ಲಿ ವಾಲ್ವರ್ತ್ ಎಂಬಲ್ಲಿ ಅದೇ ಮಂಡಲಿಯ 22 ಎಕರೆ ಸ್ಥಳವು ಇವರ ಆಡಳಿತಕ್ಕೆ ಬಂತು. ಆಗ ಅಮ್ಮನವರಿಗೆ 64 ವರ್ಷ. ಹಳೆಯ ಮನೆಗಳನ್ನು ತುಂಡುತುಂಡಾಗಿ ಕೆಡವಿ, ಒಳಗಿದ್ದವರಿಗೆ ಅನುಕೂಲ ನೋಡಿಕೊಂಡು ಹೊಸ ಮನೆಗಳನ್ನು ಕಟ್ಟುವ ದೊಡ್ಡ ಕೆಲಸವದು. ಬಡವರಿಗೆ ಐದಾರು ಮಹಡಿಗಳ ಕೊಟ್ಟಡಿಗಳಿಗಿಂತ ಸ್ವಂತ ಬಾಗಿಲುಳ್ಳ ಚಿಕ್ಕ ಮನೆಯೇ ಮೇಲೆಂದು ಅವರು ಎಂದಿನಿಂದಲೂ ಹಟಹಿಡಿದವರು.

ಅವರ ಎಲ್ಲಾ ಅಭಿಪ್ರಾಯಗಳೂ ನಮಗೆ ಒಪ್ಪಿಗೆಯಾಗಿಲ್ಲ. ಸರಕಾರವಾಗಲಿ ನಗರಸಭೆಯಾಗಲಿ ಜನರ ತೆರಿಗೆಯಿಂದ ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಡಬಾರದೆಂದು ಅವರು ವಾದಿಸಿದರು. ಮುದುಕರಿಗೆ ಸರಕಾರದ ಪಿಂಚಣಿಯನ್ನೂ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತವನ್ನೂ ವಿರೋಧಿಸಿದರು. ಆದರೆ ಬಾಡಿಗೆ ಕೊಡಲು ಕೂಲಿಯೇ ಸಾಲದವನಿಗೆ ನಿಯಮಿತವಾದ ವಸೂಲಿಯಿಂದ ಏನಾದೀತು? ನೂರಕ್ಕೆ ಐದು ಬಂದರೆ ಸಾಕೆನ್ನುವ ಒಡೆಯರು ಲಕ್ಷಾಂತರ ಜನರ ಪಟ್ಟಣದಲ್ಲಿ ಎಷ್ಟು ಮಂದಿ? ಲಂಡನಿನ ಕೌಂಟಿ ಸಭೆಯವರು ಒಂದು ಹಾಳು ಕೇರಿಯನ್ನು ಕೆಡವಿ ಕಟ್ಟಿಸಿದ ಬೌಂಡರಿ ಸಾಲುಮನೆಗಳು 1900ರಲ್ಲಿ, ಅಮ್ಮನವರು ಬದುಕಿರುವಾಗಲೇ, ತೆರೆಯಲ್ಪಟ್ಟವು. ಅವರು ತೀರಿಹೋದ ಮೂರು ವರ್ಷಕ್ಕೆ, ಮಹಾಯುದ್ಧದ ಮಧ್ಯದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೊ ಪಟ್ಟಣದ ಒಡೆಯರು ಬಾಡಿಗೆಯನ್ನು ಏರಿಸಿದಾಗ, ಮೇರಿ ಬಾರ್ಬರ್ ಮುಂತಾದ ಗೃಹಿಣಿಯರು ಮುಂದಾಳುಗಳಾಗಿ ಸಾವಿರಾರು ಸಂಸಾರಗಳವರು ಹೆಚ್ಚಿನ ಬಾಡಿಗೆಯನ್ನು ಕೊಡಲಾರೆವೆಂದು ನಿಂತರು. ಹೊರಹಾಕಲು ಬಂದ ಅಮೀನರನ್ನು ಹೆಂಗಸರು ಗಂಟೆ ಬಾರಿಸಿ ನೆರೆದು ಹಿಂದಕ್ಕಟ್ಟಿದರು. ಆ 1915ನೇ ವರ್ಷ ಮುಗಿಯುವ ಮೊದಲೇ ಸಣ್ಣ ಮನೆಗಳ ಬಾಡಿಗೆಯನ್ನು ಏರಿಸಬಾರದೆಂದು ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ಬಾಡಿಗೆಯನ್ನು ತಡೆಹಿಡಿಯುವ ಈ ದಾರಿಯನ್ನು ಹಿಲ್ ಅಮ್ಮನವರು ಮೆಚ್ಚುತ್ತಿದ್ದರೆಂದು ನಮಗೆ ತೋರುವದಿಲ್ಲ. ಆದರೆ ಒಳ್ಳೇ ಒಡೆಯನನ್ನು ಕಾದು ಕೂತಿರಲಾರದವರಿಗೆ ಆ ದಾರಿಯಿಂದ ಪ್ರಯೋಜನವಾದದ್ದು ನಿಜ.

ಬಡವರ ಮಕ್ಕಳಿಗೆ ಬೈಲು ಬೇಕೆಂಬ ಚಿಂತೆಯಿಂದ ಹುಟ್ಟಿದ ಮತ್ತೊಂದು ಕೆಲಸವನ್ನು ಚಿಕ್ಕದಾಗಿ ಹೇಳುವೆವು. ಲಂಡನಿನ ಸುತ್ತಲಿನ ಹೊಲಗಳೂ ಗುಡ್ಡಗಳೂ ಮನೆ ಕಟ್ಟುವವರ ಪಾಲಾಗುವದನ್ನು ತಡೆಯಲು ಅವರು ಬಹಳ ಹೋರಾಡಿ, ರಾಬರ್ಟ್ ಹಂಟರ್ ಎಂಬ ವಕೀಲರೊಂದಿಗೂ ರಾನ್ಸ್ಲಿ ಎಂಬ ಬೋಧಕರೊಂದಿಗೂ ಕೂಡಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಘವನ್ನು ಸ್ಥಾಪಿಸಿದರು. ಇಂಗ್ಲೆಂಡಿನಲ್ಲಿ ಹೆಚ್ಚಿನವರು ಅವರ ಹೆಸರನ್ನು ನೆನಸುವದು ಈ ಸಂಘದಿಂದಲೇ.

ಅಮ್ಮನವರು ಮದುವೆಯಾಗಲಿಲ್ಲ. ತಮ್ಮ ಅಕ್ಕನಾದ ಮಿರಾಂಡಳು 1910ರಲ್ಲಿ ತೀರಿಕೊಂಡದ್ದು ಅವರಿಗೆ ದೊಡ್ಡ ಪೆಟ್ಟಾಯಿತು. 1912ನೇ ಇಸವಿಯ ಅಗೋಸ್ತು 13ರಲ್ಲಿ, 73 ವರ್ಷದವರಾಗಿ, ಮೇರಿಲೆಬೋನಿನ ತಮ್ಮ ಮನೆಯಲ್ಲಿ ಪ್ರಾಣಬಿಟ್ಟರು. ಅರಸರನ್ನೂ ಮಹಾಕವಿಗಳನ್ನೂ ಹೂಣಿಟ್ಟ ವೆಸ್ಟ್‌ಮಿನ್ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುವ ಮಾತು ಬಂತು. ಆದರೆ ಅವರು ಮೊದಲೇ ಬರೆದಿಟ್ಟಿದ್ದ ಪ್ರಕಾರ ಕೆಂಟ್ ಸೀಮೆಯ ಕ್ರಾಕಮ್ ಹಿಲ್ ಎಂಬ ಹಳ್ಳಿಯಲ್ಲಿ ಅಕ್ಕನ ಮಗ್ಗುಲಲ್ಲಿಯೇ ಹೂಣಿಟ್ಟರು. ಅವರ ಮನೆಗಳ ಬಾಡಿಗೆಯನ್ನು ಆ ವಾರವೂ ಅವರು ತರಬೇತು ಮಾಡಿದ ಸ್ತ್ರೀಯರೇ ಮೆಟ್ಟಿಲು ಹತ್ತಿ ವಸೂಲಿಮಾಡಿದರು. ಪ್ಯಾರಡೈಸ್ ಪ್ಲೇಸ್ ಎಂಬ ಓಣಿಗೆ ಈಗ ಗಾರ್ಬಟ್ ಪ್ಲೇಸ್ ಎಂಬ ಹೆಸರು. ಅಲ್ಲಿಯ ಒಂದು ಮನೆಯ ಗೋಡೆಯ ಮೇಲೆ, ಅವರ ಕೆಲಸವು ಇಲ್ಲಿಂದ ಆರಂಭವಾಯಿತೆಂದು ತಿಳಿಸುವ ಒಂದು ದುಂಡಗಿನ ನೀಲಿ ಫಲಕವಿದೆ.